ಫೋಟೋಗ್ರಾಫರ್‌ಗಳೇ, ಕೆಲಸದ ಮಧ್ಯೆ ಅಕಸ್ಮಾತ್ತಾಗಿ ಪ್ರಸಿದ್ಧರು ಸಿಕ್ಕಿದ್ದುಂಟಾ? ಸಿಕ್ಕರೆ ಸೆಲ್ಫಿ ತಗೋತೀರಾ?

ಸಿಕ್ಕಿದ್ದಾರೆ, ಬೇಕಾದಷ್ಟು ಜನ. ಬೆಂಗಳೂರಲ್ಲಿ ಮದುವೆ, ಸಂಗೀತ ಕಛೇರಿ ಶೂಟ್ ಮಾಡೋರಿಗೆ ಇದು ತಪ್ಪಿದ್ದಲ್ಲ. ಅರಮನೆ ಮೈದಾನದ ರಿಸೆಪ್ಷನ್ನಿಗೆ ಯಾರ್ಯಾರು ಬರ್ತಾರೆ ಅಂತ ಎಷ್ಟೋ ಸಲ ಹುಡುಗನ ಅಪ್ಪನಿಗೇ ಗೊತ್ತಿರಲ್ಲ. ಬಾಗಿಲ ಹತ್ತಿರ ಗದ್ದಲ ಎದ್ದು, ವೇದಿಕೆಗೆ ನಿಂತಿದ್ದ ಸಾಲು ಪಕ್ಕಕ್ಕೆ ಸರಿದಾಗ ನಮಗೂ ಗೊತ್ತಾಗೋದು. ಹೆಸರು ಹೇಳಲ್ಲ, ಅದಕ್ಕೆ ಕಾರಣ ಇದೆ, ಬರ್ತೀನಿ.

ರಾಜಕಾರಣಿಗಳನ್ನ ಮೊದಲು ಮುಗಿಸಿಬಿಡ್ತೀನಿ, ಅವರೂ ಬೇಗ ಮುಗಿಸ್ತಾರೆ. ಹತ್ತಾರು ಮೊಬೈಲುಗಳ ನಡುವೆ ಮದುವೆ ಮನೆಯವರ ಕ್ಯಾಮೆರಾ ಯಾವುದು ಅಂತ ಹತ್ತುವಾಗಲೇ ಗುರುತಿಸಿರ್ತಾರೆ. ಹುಡುಗನ ಹೆಗಲ ಮೇಲೆ ಕೈ, ನನ್ನ ಲೆನ್ಸಿನ ಕಡೆ ಕಣ್ಣು, ಆಯ್ತು. ಕಷ್ಟ ಕೊಡೋರು ಹಿಂದೆ ಬಂದ ಬೆಂಬಲಿಗರು. ಗುಂಪಲ್ಲಿ ಹುಡುಗಿಯ ಸ್ವಂತ ಸೋದರಮಾವನೇ ಮರೆಯಾಗಿರ್ತಾರೆ!

ನನಗೆ ಮರೆಯಕ್ಕಾಗದೇ ಇರೋರು ಒಬ್ಬ ಹಿರಿಯ ನಟರು, ಫಿಲ್ಮ್ ರೀಲಿನ ಕಾಲದವರು. ವೇದಿಕೆಯ ಎರಡೂ ಕಡೆ ಸಾಫ್ಟ್‌ಬಾಕ್ಸ್, ಅಂದ್ರೆ ಬಿಳೀ ಬಟ್ಟೆ ಮುಚ್ಚಿದ ಚೌಕದ ಲೈಟು, ಇಟ್ಟಿರ್ತೀವಲ್ಲ, ಕನ್ನಡಕದವರು ಬಂದು ನಿಂತರೆ ಗಾಜಿನ ಮೇಲೆ ಬಿಳೀ ಚೌಕ ಕೂತು ಕಣ್ಣೇ ಕಾಣಲ್ಲ. ಲೈಟ್ ಸ್ಟ್ಯಾಂಡ್ ಎತ್ತರಿಸಬೇಕು, ಇಲ್ಲ ಗದ್ದ ಇಳಿಸಿ ಅಂತ ಅವರಿಗೆ ಹೇಳಬೇಕು. ಸ್ಟ್ಯಾಂಡ್ ಎತ್ತು ಅಂತ ನಮ್ಮ ಹುಡುಗನಿಗೆ ಸನ್ನೆ ಮಾಡೋದರೊಳಗೆ ಅವರೇ ಎರಡೂ ಕೈಯಲ್ಲಿ ಕನ್ನಡಕದ ಕಡ್ಡಿ ಹಿಡಿದು ಕಿವಿಯಿಂದ ಒಂಚೂರು ಮೇಲೆತ್ತಿಕೊಂಡರು. ಗಾಜು ನೆಲದ ಕಡೆ ವಾಲಿತು, ಬಿಳಿ ಚೌಕ ಮಾಯ. "ಈಗ ಹೊಡಿಯಪ್ಪ" ಅಂದರು. ಒಂದು ಕ್ಲಿಕ್ ಆದಮೇಲೆ, "ನನ್ನನ್ನ ಬಿಡು, ಮಗು ಕಣ್ಣು ಮುಚ್ಚಿದಾಳೆ, ಇನ್ನೊಂದು ತಗೋ." ಸ್ಕ್ರೀನ್ ನೋಡಿದೆ, ಮದುಮಗಳ ಕಣ್ಣು ಮುಚ್ಚಿತ್ತು. ಪಕ್ಕದಲ್ಲಿ ನಿಂತು, ಲೆನ್ಸಿನಿಂದ ಕಣ್ಣು ತೆಗೀದೆ, ಅದು ಹೇಗೆ ಗೊತ್ತಾಯ್ತೋ! ಬೆಳಕಿನ ಮುಂದೆ ಜೀವನ ಕಳೆದವರಿಗೆ ನಾವೇನೂ ಹೇಳಿಕೊಡಬೇಕಾಗಿಲ್ಲ.

ಕಛೇರಿಗಳ ಕಥೆ ಬೇರೆ. ರಾಮನವಮಿ ಸಮಯದಲ್ಲಿ ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನದ ಪೆಂಡಾಲಿನಲ್ಲಿ ದೊಡ್ಡ ದೊಡ್ಡ ವಿದ್ವಾಂಸರು ನಾಲ್ಕು ಮಾರು ದೂರದಲ್ಲಿ ಕೂತಿರ್ತಾರೆ. ಅಲ್ಲಿ ಫ್ಲಾಶ್ ಹೊಡೆದರೆ ಕೇಳುಗರೇ ಬೈದು ಕೂರಿಸ್ತಾರೆ, ಬೈಯಲಿ ಬಿಡಿ. ಶ್ರುತಿ ಸೇರಿಸ್ತಾ ಇದ್ದ ಗಾಯಕಿಯೊಬ್ಬರು ನನ್ನ ಕ್ಯಾಮೆರಾ ನೋಡಿ, "ಆಲಾಪನೆ ಮಧ್ಯೆ ಇದು ಟಕ್ ಟಕ್ ಅನ್ನುತ್ತಾ?" ಅಂತ ಕೇಳಿದ್ದರು. ಇಲ್ಲಮ್ಮ, ಸೈಲೆಂಟ್ ಶಟರ್ ಅಂದೆ. ನಿಜ, ಈಗಿನ ಮಿರರ್‌ಲೆಸ್ (ಒಳಗೆ ಕನ್ನಡಿ ಇಲ್ಲದ) ಕ್ಯಾಮೆರಾಗಳು ಆ ಶಟರಿನಲ್ಲಿ ಸದ್ದೇ ಮಾಡಲ್ಲ. ಆದರೆ ಕೆಲವು ಎಲ್‌ಇಡಿ ದೀಪಗಳ ಕೆಳಗೆ ಆ ಶಟರಿನಲ್ಲಿ ಚಿತ್ರದ ತುಂಬ ಪಟ್ಟೆ ಬೀಳುತ್ತೆ. ಹಾಗಾಗಿ ಶಟರ್ ವೇಗ ಸೆಕೆಂಡಿನ ನೂರನೇ ಒಂದಕ್ಕೋ ಐವತ್ತನೇ ಒಂದಕ್ಕೋ ಇಳಿಸಿ, ಅವರು ಷಡ್ಜದಲ್ಲಿ ನಿಲ್ಲೋವರೆಗೆ ಕಾಯಬೇಕು. ಅಲ್ಲಿ ಮುಖ ಅಲ್ಲಾಡಲ್ಲ, ಚಿತ್ರ ಮಸುಕಾಗಲ್ಲ.

ಹೆಸರು, ಫೋಟೋ ಯಾಕೆ ಹಾಕಲ್ಲ ಅಂದ್ರೆ, ಅವು ನನ್ನವಲ್ಲ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ದುಡ್ಡು ಕೊಟ್ಟು ತೆಗೆಸಿದ ಫೋಟೋದ ಮೊದಲ ಹಕ್ಕು ತೆಗೆಸಿದವರದ್ದು, ಬೇರೆ ಒಪ್ಪಂದ ಇಲ್ಲದಿದ್ದರೆ. ಈ ಕೆಲಸಕ್ಕೆ ಹೊಸದಾಗಿ ಬರೋ ಎಷ್ಟೋ ಹುಡುಗರಿಗೆ ಇದು ಗೊತ್ತೇ ಇಲ್ಲ. ಸಿನಿಮಾದವರು ಬಂದ ಮದುವೆ ಫೋಟೋನ ರಾತ್ರಿಯೇ ಇನ್‌ಸ್ಟಾಗ್ರಾಮಿಗೆ ಏರಿಸ್ತಾರೆ, ಬೆಳಿಗ್ಗೆ ಮದುವೆ ಮನೆಯಿಂದ ಫೋನ್ ಬರುತ್ತೆ. ನಿಮ್ಮ ಕೆಲಸ ಅಂತ ತೋರಿಸಿಕೊಳ್ಳೋ ಆಸೆ ಇದ್ದರೆ ಅಡ್ವಾನ್ಸ್ ತಗೊಳ್ಳುವಾಗಲೇ ಬರವಣಿಗೆಯಲ್ಲಿ ಒಪ್ಪಿಗೆ ಹಾಕಿಸಿಕೊಳ್ಳಿ.

ಸೆಲ್ಫಿನಾ? ಇಲ್ಲ. ನಾನು ಅವರ ಪಕ್ಕ ಹೋಗಿ ನಿಂತರೆ ಮುಂದಿನ ಫೋಟೋ ತೆಗೆಯೋರು ಯಾರು? ಊಟದ ಪಂಕ್ತಿಯಲ್ಲಿ ಕ್ಯಾಮೆರಾ ಕೆಳಗಿಟ್ಟು ಕೂತಾಗ ಎದುರಿಗೆ ಸಿಕ್ಕರೆ ನಮಸ್ಕಾರ ಹೇಳ್ತೀನಿ, ಅಷ್ಟೇ. ಉಣ್ಣುವಾಗ ಮಾತ್ರ ಯಾರ ಫೋಟೋನೂ ತೆಗೆಯಲ್ಲ. ಬಾಯಿ ತುಂಬ ಒಬ್ಬಟ್ಟು ಇದ್ದಾಗ ಎಂಥ ಸ್ಟಾರೂ ಚೆನ್ನಾಗಿ ಬರಲ್ಲ.