ಚಳಿಗೆ ಸ್ಟೀರಿಂಗ್ ಬಿಗಿ ಆಗುತ್ತೆ, ಏನ್ ಮಾಡ್ಲಿ?

ಪ್ರಶ್ನೆ: ನಾನು ಹಾಸನದ ಕಡೆಯವನು, ಈಗ ಅಮೆರಿಕದ ಮಿನಿಯಾಪೊಲಿಸ್‌ನಲ್ಲಿದ್ದೀನಿ. 2005ರ ಹಳೇ ಸೆಡಾನ್ ಇದೆ, ಆಯಿಲ್ ಹಾಕೋ ಪವರ್ ಸ್ಟೀರಿಂಗ್. ಮೈನಸ್ 20 ಡಿಗ್ರಿ ಇರೋ ಬೆಳಗ್ಗೆ ಗಾಡಿ ತೆಗೆದ್ರೆ ಸ್ಟೀರಿಂಗ್ ಕಲ್ಲಿನ ಥರ, ತಿರುಗಿಸಿದ್ರೆ ಬಾನೆಟ್ ಒಳಗಿಂದ ಊಳಿಡೋ ಸದ್ದು. ಹತ್ತು ನಿಮಿಷ ಓಡಿಸಿದ್ಮೇಲೆ ಸರಿಹೋಗುತ್ತೆ. ಗ್ಯಾರೇಜಲ್ಲಿ, ಸ್ಟೀರಿಂಗ್ ತಿರುವನ್ನ ಮುಂದಿನ ಚಕ್ರಗಳಿಗೆ ದಾಟಿಸೋ ಪೂರ್ತಿ ರ‍್ಯಾಕೇ ಬದಲಾಯಿಸ್ಬೇಕು ಅಂತಾರೆ. ಮಾಡಿಸ್ಲಾ?

ಉತ್ತರ: ಈಗ್ಲೇ ಬೇಡ, ದಯವಿಟ್ಟು. ಬಿಸಿ ಆದ್ಮೇಲೆ ಸರಿಹೋಗುತ್ತೆ ಅಂದ್ರಲ್ಲ, ಜೊತೆಗೆ ಸದ್ದೂ ಇದೆ ಅಂದ್ರಲ್ಲ, ಈ ಎರಡೂ ಸೇರಿದ್ರೆ ನನ್ನ ಅನುಮಾನ ಮೊದ್ಲು ಹೋಗೋದು ಆಯಿಲ್ ಮೇಲೆ ಮತ್ತೆ ಪಂಪಿಗೆ ಆಯಿಲ್ ಹೋಗೋ ದಾರಿ ಮೇಲೆ. ಡಿಸೆಂಬರಲ್ಲಿ ನಮ್ಮನೆ ಕೊಬ್ಬರಿ ಎಣ್ಣೆ ಬಾಟಲಿಲಿ ಗಟ್ಟಿ ಆಗುತ್ತಲ್ಲ, ಸ್ಟೀರಿಂಗ್ ಆಯಿಲ್ ಅಷ್ಟು ಹೆಪ್ಪುಗಟ್ಟಲ್ಲ, ಆದ್ರೆ ನಿಮ್ಮೂರ ಚಳಿಗೆ ಚೆನ್ನಾಗೇ ಮಂದ ಆಗುತ್ತೆ, ಅದ್ರಲ್ಲೂ ಹತ್ತು ವರ್ಷದಿಂದ ಬದಲಾಯಿಸದೇ ಇರೋ ಆಯಿಲ್ ಆದ್ರೆ ಪಂಪು ಎಳೆಯೋಕೇ ಒದ್ದಾಡುತ್ತೆ.

ನಾಳೆ ಬೆಳಗ್ಗೆ ಎಂಜಿನ್ ಸ್ಟಾರ್ಟ್ ಮಾಡೋಕೆ ಮುಂಚೆ ಸ್ಟೀರಿಂಗ್ ಆಯಿಲ್ ಡಬ್ಬಿ ಮುಚ್ಚಳ ತೆಗೆದು ಲೆವೆಲ್ ನೋಡಿ, ಒಂದು ಹನಿ ಬಿಳಿ ಟಿಶ್ಯೂ ಮೇಲೆ ಬಿಡಿ. ತಿಳಿಯಾಗಿ ಹರಡಿದ್ರೆ ಪರವಾಗಿಲ್ಲ, ಕಂದು ಕಪ್ಪು ಕಲೆ ಆಗಿ ಸುಟ್ಟ ವಾಸನೆ ಬಂದ್ರೆ ಅದರ ಆಯಸ್ಸು ಮುಗಿದಿದೆ. ಆಮೇಲೆ ಸ್ಟಾರ್ಟ್ ಮಾಡಿ, ಮನೆಯವ್ರ ಕೈಲಿ ನಿಧಾನಕ್ಕೆ ಸ್ಟೀರಿಂಗ್ ತಿರುಗಿಸೋಕೆ ಹೇಳಿ, ನೀವು ಟಾರ್ಚ್ ಹಿಡಿದು ಡಬ್ಬಿ ಒಳಗೇ ನೋಡ್ತಿರಿ. ಎತ್ತಿ ಹೊಯ್ದ ಫಿಲ್ಟರ್ ಕಾಫಿ ಮೇಲೆ ಬರುತ್ತಲ್ಲ, ಆ ಥರ ಸಣ್ಣ ಸಣ್ಣ ನೊರೆ ಎದ್ರೆ ಎಲ್ಲೋ ಗಾಳಿ ಎಳೀತಿದೆ ಅಂತ ಖಾತ್ರಿ. ಹೆಚ್ಚಾಗಿ ಅದು ಡಬ್ಬಿಯಿಂದ ಪಂಪಿಗೆ ಹೋಗೋ ಪೈಪಿನ ತುದಿಲಿರೋ ರಬ್ಬರ್ ರಿಂಗು, ಹಳೇದಾದ್ರೆ ಗಟ್ಟಿ ಆಗಿರುತ್ತೆ, ಚಳಿಗೆ ಇನ್ನೂ ಕುಗ್ಗುತ್ತೆ, ಬಿಸಿ ಆದ್ಮೇಲೆ ಮತ್ತೆ ಕೂತ್ಕೊಳ್ಳುತ್ತೆ. ಆಯಿಲ್ ಹೊರಗೆ ಸೋರಲ್ಲ, ಗಾಳಿ ಒಳಗೆ ಹೋಗುತ್ತೆ, ಅದಕ್ಕೇ ಇದು ಕಣ್ಣಿಗೆ ಬೀಳಲ್ಲ. ಈ ರಿಂಗಿಗೆ ಕೊಡೋದು ಚಿಲ್ರೆ ದುಡ್ಡು, ಅದಕ್ಕೋಸ್ಕರ ರ‍್ಯಾಕು ಬದಲಾಯಿಸಿದ್ರೆ ನಂಗೆ ಹೊಟ್ಟೆ ಉರಿಯುತ್ತೆ.

ಬೆಲ್ಟನ್ನೂ ನೋಡಿಬಿಡಿ, ತಿರುಗಿಸುವಾಗ ಊಳಿಡದೆ ಕೀಚು ಅಂತ ಕಿರುಚಿದ್ರೆ ಬೆಲ್ಟು ಜಾರ್ತಿದೆ. ಆಯಿಲ್ ಬದಲಾಯಿಸೋದಾದ್ರೆ ಓನರ್ಸ್ ಮ್ಯಾನ್ಯುಯಲ್‌ನಲ್ಲಿ ಬರೆದಿರೋದನ್ನೇ ಹಾಕಿ: ಹೋಂಡಾ ಗಾಡಿಗಳಿಗೆ ಅವರದ್ದೇ ಬೇರೆ ಆಯಿಲ್, ಎಷ್ಟೋ ಟೊಯೋಟಾಗಳಿಗೆ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಆಯಿಲ್, ಎಷ್ಟೋ ಜರ್ಮನ್ ಕಾರುಗಳಿಗೆ ಹಸಿರು ಬಣ್ಣದ ಸಿಂಥೆಟಿಕ್ಕು. ಇವನ್ನ ಬೆರೆಸಿದ್ರೆ ರಬ್ಬರ್ ಸೀಲುಗಳು ಹಾಳಾಗುತ್ವೆ. ಡಬ್ಬಿ ತಳದಲ್ಲಿ ಜಾಲರಿ ಇದ್ರೆ ತೊಳೀರಿ. ಹೊಸ ಆಯಿಲ್ ತುಂಬಿದ್ಮೇಲೆ ಗಾಳಿ ತೆಗೀಬೇಕು, ಮುಂದಿನ ಚಕ್ರ ಎರಡೂ ಎತ್ತಿ ಸ್ಟ್ಯಾಂಡ್ ಮೇಲೆ ನಿಲ್ಸಿ, ಎಂಜಿನ್ ಆಫ್ ಇರುವಾಗ್ಲೇ ಈ ಕೊನೆಯಿಂದ ಆ ಕೊನೆಗೆ ನಿಧಾನಕ್ಕೆ ಒಂದು ಇಪ್ಪತ್ತು ಸಲ ತಿರುಗಿಸಿ, ಲೆವೆಲ್ ಇಳಿದಂಗೆ ತುಂಬಿಸ್ತಾ ಗುಳ್ಳೆ ನಿಲ್ಲೋವರೆಗೂ ಮಾಡಿ.

ಇಷ್ಟಾದ್ರೂ ಬಿಗಿ ಹೋಗ್ಲಿಲ್ಲ ಅಂದ್ರೆ ಚಕ್ರ ಮೇಲಿರುವಾಗ್ಲೇ ಕೈಲಿ ಸ್ಟೀರಿಂಗ್ ತಿರುಗಿಸಿ ನೋಡಿ. ಹಗುರ, ಬಿಗಿ, ಮತ್ತೆ ಹಗುರ, ಮತ್ತೆ ಬಿಗಿ, ಹೀಗೆ ಒಂದು ಸುತ್ತಿಗೆ ಎರಡು ಕಡೆ ಹಿಡಿದ್ರೆ ಸ್ಟೀರಿಂಗ್ ರಾಡಿನ ಯೂನಿವರ್ಸಲ್ ಜಾಯಿಂಟ್ (ರಾಡು ಓರೆಯಾಗೋ ಕಡೆ ಇರೋ ಕೀಲು) ತುಕ್ಕು ಹಿಡಿದಿದೆ, ನಿಮ್ಮೂರಲ್ಲಿ ಹಿಮ ಕರಗ್ಸೋಕೆ ರಸ್ತೆಗೆ ಉಪ್ಪು ಹಾಕ್ತಾರಲ್ಲ, ಅದರ ಕೆಲಸ. ರ‍್ಯಾಕೇ ಹೋಗಿರೋದೂ ಉಂಟು, ಇಲ್ಲ ಅನ್ನಲ್ಲ. 1980ರ ದಶಕದ ಎಷ್ಟೋ ಅಮೆರಿಕನ್ ಕಾರುಗಳಲ್ಲಿ ರ‍್ಯಾಕ್ ಒಳಗಿನ ವಾಲ್ವಿನ ರಿಂಗುಗಳು ಅಲ್ಯೂಮಿನಿಯಂ ಗೂಡನ್ನೇ ಸವೆಸಿ, ಬಿಸಿ ಆಗೋವರೆಗೂ ಆಯಿಲ್ ಒಳಗೊಳಗೇ ಸೋರ್ತಿತ್ತು, ಅಲ್ಲಿನ ಮೆಕ್ಯಾನಿಕ್‌ಗಳು ಅದಕ್ಕೆ ಮಾರ್ನಿಂಗ್ ಸಿಕ್‌ನೆಸ್ ಅಂತಾನೇ ಹೆಸರಿಟ್ಟಿದ್ರು. ಆದ್ರೆ ಆ ತೀರ್ಮಾನಕ್ಕೆ ಬರಬೇಕಾದ್ದು ಕೊನೇಲಿ, ಮೊದ್ಲಲ್ಲ.

ಪ್ರಶ್ನೆ: ಮೂಡಿಗೆರೆ ಹತ್ರ ತೋಟದ ಮನೆ ನಮ್ದು. 2017ರ ಸಣ್ಣ ಕಾರು. ಡಿಸೆಂಬರ್ ಬೆಳಗ್ಗೆ ಸ್ಟಾರ್ಟ್ ಮಾಡಿದ ತಕ್ಷಣ ಸ್ಟೀರಿಂಗ್ ಭಾರ, ಡ್ಯಾಶ್‌ಬೋರ್ಡಲ್ಲಿ ಸ್ಟೀರಿಂಗ್ ಲೈಟು ಬೇರೆ. ಸ್ಟೀರಿಂಗ್ ಆಯಿಲ್ ಎಲ್ಲಿ ಹಾಕೋದು ಅಂತಾನೇ ಗೊತ್ತಾಗ್ತಿಲ್ಲ.

ಉತ್ತರ: ಸಿಗಲ್ಲ, ಯಾಕಂದ್ರೆ ನಿಮ್ಮದು ಕರೆಂಟಿನ ಸ್ಟೀರಿಂಗ್ ಇರ್ಬೇಕು, ಅದಕ್ಕೆ ಆಯಿಲ್ಲೇ ಇಲ್ಲ, ಮೋಟರ್ ತಿರುಗಿಸುತ್ತೆ. ನಿಮ್ಮೂರ ಚಳಿ ಮೋಟರಿಗೆ ಲೆಕ್ಕಕ್ಕಿಲ್ಲ, ಆದ್ರೆ ನಾಲ್ಕೈದು ವರ್ಷದ ಬ್ಯಾಟರಿಗೆ ಅದೇ ಸಾಕು. ಸ್ಟಾರ್ಟರ್ ಎಳೆದು ಸುಸ್ತಾಗಿರುವಾಗ್ಲೇ ಸ್ಟೀರಿಂಗ್ ಮೋಟರೂ ಕರೆಂಟು ಕೇಳುತ್ತೆ, ವೋಲ್ಟೇಜ್ ಬಿದ್ರೆ ಕಂಪ್ಯೂಟರ್ ಸಹಾಯ ಕಡಿಮೆ ಮಾಡಿ ಲೈಟ್ ಹಾಕುತ್ತೆ. ರಾತ್ರಿಯೆಲ್ಲ ನಿಂತ ಗಾಡಿಗೆ ಬೆಳಗ್ಗೆ ಮೀಟರ್ ಇಟ್ಟು ನೋಡಿ, 12.6 ವೋಲ್ಟ್ ಆಸುಪಾಸು ಇರ್ಬೇಕು, 12.2ಕ್ಕಿಂತ ಕೆಳಗಿದ್ರೆ ಬ್ಯಾಟರಿ ಅರ್ಧ ಖಾಲಿ, ಎಂಜಿನ್ ಓಡುವಾಗ 14ರ ಹತ್ರ ಬರ್ಬೇಕು. ಟರ್ಮಿನಲ್ ಮೇಲೆ ಬಿಳಿ ಹಸಿರು ಪುಡಿ ಕೂತಿದ್ರೆ ಬಿಸಿನೀರು, ಸೋಡಾಪುಡಿ ಹಾಕಿ ಉಜ್ಜಿ ಬಿಗಿ ಮಾಡಿ, ಬ್ಯಾಟರಿಯಿಂದ ಕಾರಿನ ಲೋಹದ ಮೈಗೆ ಹೋಗೋ ಅರ್ತ್ ವೈರೂ ಅಷ್ಟೇ. ಬ್ಯಾಟರಿ ಸರಿ ಇದ್ದೂ ಲೈಟ್ ಹೋಗ್ಲಿಲ್ಲ ಅಂದ್ರೆ ಗ್ಯಾರೇಜಲ್ಲಿ ದೋಷ ಓದೋ ಸ್ಕ್ಯಾನರ್ ಹಾಕ್ಸಿ, ಸುಮ್ನೆ ಹಂಗೇ ಓಡಿಸ್ಬೇಡಿ, ಘಾಟಿಲಿ ಆ ತಿರುವುಗಳಲ್ಲಿ ಸ್ಟೀರಿಂಗ್ ಇದ್ದಕ್ಕಿದ್ದಂಗೆ ಭಾರ ಆದ್ರೆ ಗತಿ ಏನು.

ಪ್ರಶ್ನೆ: ಚಳಿಗಾಲದಲ್ಲಿ ಟೈರ್ ಗಾಳಿಗೂ ಸ್ಟೀರಿಂಗಿಗೂ ಸಂಬಂಧ ಇದ್ಯಾ? ಬೀದರ್‌ನಿಂದ ಕೇಳ್ತಿದ್ದೀನಿ.

ಉತ್ತರ: ಖಂಡಿತ ಇದೆ. ಸುಮಾರು ಐದೂವರೆ ಡಿಗ್ರಿ ತಂಪಾದ್ರೆ ಟೈರ್ ಒತ್ತಡ ಒಂದು ಪಿಎಸ್‌ಐ ಇಳಿಯುತ್ತೆ, ಮಧ್ಯಾಹ್ನದ ಬಿಸಿಲಲ್ಲಿ 32 ತುಂಬಿಸಿದ್ದು ಬೆಳಗಿನ ಜಾವ 29 ಆಗಿರುತ್ತೆ, ಮೊದ್ಲೇ ಕಡಿಮೆ ಇದ್ದಿದ್ರಂತೂ ತಿರುಗಿಸೋಕೆ ಭಾರ ಅನ್ಸೇ ಅನ್ಸುತ್ತೆ. ಬೆಳಗ್ಗೆ ಗಾಡಿ ತಣ್ಣಗಿರುವಾಗ್ಲೇ, ಬಾಗಿಲ ಕಂಬದ ಸ್ಟಿಕರ್‌ನಲ್ಲಿರೋ ಲೆಕ್ಕಕ್ಕೆ ತುಂಬಿಸಿ.