ಬಿಳಿ ರಕ್ತಕಣದ ಹೊಟ್ಟೆ ತುಂಬಲು ಎಷ್ಟು ವಿಟಮಿನ್ ಸಿ ಬೇಕು?

ಪ್ರಶ್ನೆ: ಕೋವಿಡ್ ಕಾಲದಿಂದ ನಮ್ಮ ಮನೆಯಲ್ಲಿ ಎಲ್ಲರೂ ದಿನಾ 500 ಮಿಲಿಗ್ರಾಂ ವಿಟಮಿನ್ ಸಿ ಮಾತ್ರೆ ಚೀಪುತ್ತೇವೆ. ರೋಗನಿರೋಧಕ ಶಕ್ತಿ ನಿಜಕ್ಕೂ ಹೆಚ್ಚುತ್ತದಾ? ಅತ್ತೆಗೆ 70 ದಾಟಿದೆ, ಅವರಿಗೆ ವಿಟಮಿನ್ ಇ ಕೂಡ ಕೊಡಬಹುದಾ?
– ಓದುಗರು, ಹಾಸನ

ಉತ್ತರ: ಚೀಪಿದ್ದರಲ್ಲಿ ಬಹುಪಾಲು ಮೂತ್ರದಲ್ಲಿ ಹೋಗಿರುತ್ತದೆ. ಹಾಗಂತ ವಿಟಮಿನ್ ಸಿ ಸುಮ್ನೆ ಅಲ್ಲ. ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣ ಬ್ಯಾಕ್ಟೀರಿಯಾವನ್ನು ನುಂಗಿ, ಒಳಗೇ ಹೈಪೋಕ್ಲೋರಸ್ ಆಮ್ಲ ತಯಾರಿಸಿ ಅದನ್ನು ಸುಟ್ಟು ಹಾಕುತ್ತದೆ (ಬ್ಲೀಚಿಂಗ್ ಪೌಡರ್ ಕದಡಿದ ನೀರಿನಲ್ಲಿ ಕೆಲಸ ಮಾಡುವುದೂ ಇದೇ ಆಮ್ಲ). ಅದು ಕಣವನ್ನೂ ಸುಡಬಹುದು ಅಲ್ವಾ? ಅದಕ್ಕೇ ಈ ಕಣಗಳು ವಿಟಮಿನ್ ಸಿಯನ್ನು ಎಳೆದುಕೊಂಡು, ಸುತ್ತಲಿನ ರಕ್ತದ್ರವದಲ್ಲಿ ಇರುವುದಕ್ಕಿಂತ 50ರಿಂದ 100 ಪಟ್ಟು ಜಾಸ್ತಿ ಕೂಡಿಟ್ಟುಕೊಳ್ಳುತ್ತವೆ. ಆದರೆ ಆರೋಗ್ಯವಂತರಲ್ಲಿ ದಿನಕ್ಕೆ ಸುಮಾರು 100 ಮಿಲಿಗ್ರಾಂ ಸಿಕ್ಕರೆ ಸಾಕು, ಕಣ ಭರ್ತಿ. ಆಮೇಲೆ ಎಷ್ಟು ನುಂಗಿದರೂ ಅದು ತೆಗೆದುಕೊಳ್ಳುವುದಿಲ್ಲ. ಒಂದು ಸೀಬೆಹಣ್ಣು ತಿಂದರೆ ಅಷ್ಟು ಬಂದೇ ಬಿಡುತ್ತದೆ.

ನೆಗಡಿ ವಿಷಯ ಹೇಳಬೇಕೆಂದರೆ, ದಿನಾ ಮಾತ್ರೆ ತಿನ್ನುವವರಿಗೂ ಅದು ಎಲ್ಲರಂತೆಯೇ ಬರುತ್ತದೆ, ದೊಡ್ಡವರಲ್ಲಿ ಶೇ. 8ರಷ್ಟು ಬೇಗ ವಾಸಿಯಾಗುತ್ತದೆ, ಅಷ್ಟೇ. ಮೂಗು ಸೋರಲು ಶುರುವಾದ ಮೇಲೆ ತಿಂದರೆ ಅದೂ ಖಾತ್ರಿ ಇಲ್ಲ. ಕೋವಿಡ್ ರೋಗಿಗಳಿಗೆ ಅಮೆರಿಕದಲ್ಲಿ ದಿನಕ್ಕೆ 8,000 ಮಿಲಿಗ್ರಾಂ ಕೊಟ್ಟು ನೋಡಿದರು, 2021ರಲ್ಲಿ ಫಲಿತಾಂಶ ಬಂತು: ಲಕ್ಷಣಗಳು ಬೇಗ ಕಡಿಮೆಯಾಗಲಿಲ್ಲ. ಇಷ್ಟು ದೊಡ್ಡ ಪ್ರಮಾಣ ಹೊಟ್ಟೆ ಕೆಡಿಸುತ್ತದೆ. ಕಿಡ್ನಿ ಕಲ್ಲು ಆಗಿದ್ದವರಂತೂ ದೂರ ಇರಲಿ.

ಇನ್ನು ಅತ್ತೆಯವರ ವಿಷಯ. ವಯಸ್ಸಾದಂತೆ ಟಿ ಕಣಗಳು (ಸೋಂಕಿನ ವಿರುದ್ಧ ಹೋರಾಡುವ ಇನ್ನೊಂದು ಬಗೆಯ ಬಿಳಿ ರಕ್ತಕಣ) ಮಂಕಾಗುತ್ತವೆ, ವಿಟಮಿನ್ ಇ ಅವನ್ನು ಸ್ವಲ್ಪ ಚುರುಕು ಮಾಡುತ್ತದೆ ಅನ್ನುವುದು ನಿಜ. 1997ರಲ್ಲಿ ಬಾಸ್ಟನ್‌ನಲ್ಲಿ 65 ದಾಟಿದವರಿಗೆ ದಿನಾ 200 ಮಿಲಿಗ್ರಾಂ ಕೊಟ್ಟಾಗ ರೋಗನಿರೋಧಕ ಶಕ್ತಿ ಅಳೆಯುವ ಚರ್ಮದ ಪರೀಕ್ಷೆಯಲ್ಲೂ ಹೆಪಟೈಟಿಸ್ ಬಿ ಲಸಿಕೆಗೆ ಬಂದ ಪ್ರತಿಕಾಯದಲ್ಲೂ ಸುಧಾರಣೆ ಕಂಡಿತು; 800 ಕೊಟ್ಟಾಗ ಅದಕ್ಕಿಂತ ಹೆಚ್ಚೇನೂ ಸಿಗಲಿಲ್ಲ. ನನಗೂ ಇದು ಒಳ್ಳೆ ಸುದ್ದಿ ಅನಿಸುತ್ತಿತ್ತು, 2002ರ ನೆದರ್‌ಲ್ಯಾಂಡ್ಸ್ ಅಧ್ಯಯನ ಇಲ್ಲದಿದ್ದರೆ. ಅಲ್ಲಿ ದಿನಾ 200 ಮಿಲಿಗ್ರಾಂ ತೆಗೆದುಕೊಂಡ ಹಿರಿಯರಿಗೆ ನೆಗಡಿ, ಕೆಮ್ಮಿನಂಥ ಉಸಿರಾಟದ ಸೋಂಕುಗಳು ಕಡಿಮೆ ಆಗಲಿಲ್ಲ, ಬಂದಾಗ ಇನ್ನೂ ಜೋರಾಗಿಯೇ ಬಂದವು. ಲ್ಯಾಬಿನಲ್ಲಿ ಕಣ ಚುರುಕಾದರೆ ಮನೆಯಲ್ಲಿ ಕೆಮ್ಮು ನಿಲ್ಲಬೇಕೆಂದೇನಿಲ್ಲ.

ಹಾಗಾಗಿ ಮಾತ್ರೆ ಬೇಡ, ಕಡಲೆಬೀಜ, ಸೂರ್ಯಕಾಂತಿ ಎಣ್ಣೆಯಲ್ಲಿ ಸಿಗುವಷ್ಟು ಸಾಕು. ಅತ್ತೆಯವರು ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ವೈದ್ಯರನ್ನು ಕೇಳದೆ ವಿಟಮಿನ್ ಇ ಕೊಡಲೇಬೇಡಿ, ರಕ್ತಸ್ರಾವದ ಅಪಾಯ ಇರುತ್ತದೆ.