ಪ್ರಶ್ನೋತ್ತರ: ಮರ್ಜ್ ಆದ ಮೇಲೆ ಕಾಣೆಯಾದ ತಿದ್ದುಪಡಿ

ಪ್ರಶ್ನೆ: ನಮ್ಮ ತಂಡದಲ್ಲಿ ಕೋಡಿನ ಬದಲಾವಣೆಗಳ ಇತಿಹಾಸವನ್ನು ಕಾಪಾಡುವ ಗಿಟ್ ತಂತ್ರಾಂಶವನ್ನು ಬಳಸುತ್ತೇವೆ. ಒಂದು ಫೈಲಿನಲ್ಲಿದ್ದ ದೋಷವನ್ನು ಸರಿಪಡಿಸಿ ನನ್ನ ಬ್ರಾಂಚಿನಲ್ಲಿ (ಕೆಲಸದ ಪ್ರತ್ಯೇಕ ಕವಲಿನಲ್ಲಿ) ಕಮಿಟ್ ಮಾಡಿದ್ದೆ, ಅಂದರೆ ದಾಖಲಿಸಿದ್ದೆ. ಸಹೋದ್ಯೋಗಿಯೊಬ್ಬರು ಅದನ್ನು ಮುಖ್ಯ ಬ್ರಾಂಚಿಗೆ ಮರ್ಜ್ ಮಾಡಿದರು, ಅಂದರೆ ಸೇರಿಸಿದರು. ಈಗ ಅಲ್ಲಿ ನನ್ನ ತಿದ್ದುಪಡಿಯೇ ಇಲ್ಲ. ಆ ಫೈಲಿನ ಲಾಗ್ (ಕಮಿಟ್ಟುಗಳ ಪಟ್ಟಿ) ತೆಗೆದರೆ, ತಿದ್ದುಪಡಿಯನ್ನು ಅಳಿಸಿದ ಕಮಿಟ್ ಒತ್ತಟ್ಟಿಗಿರಲಿ, ನನ್ನ ಕಮಿಟ್ ಕೂಡ ಕಾಣುವುದಿಲ್ಲ. ಇಡೀ ರೆಪಾಸಿಟರಿಯ (ಯೋಜನೆಯ ಪೂರ್ಣ ಸಂಗ್ರಹದ) ಲಾಗ್‌ನಲ್ಲಿ ಮಾತ್ರ ಅದು ಇದೆ. ಮತ್ತೆ ಮರ್ಜ್ ಮಾಡಲು ಹೋದರೆ ಎಲ್ಲವೂ ಈಗಾಗಲೇ ಸೇರಿದೆ ಎನ್ನುತ್ತದೆ. ಇದು ಗಿಟ್‌ನ ದೋಷವೇ?

ಉತ್ತರ: ದೋಷವಲ್ಲ, ನಿಮ್ಮ ತಿದ್ದುಪಡಿಯನ್ನು ಕೈಬಿಟ್ಟಿರುವುದು ಬಹುಮಟ್ಟಿಗೆ ಆ ಮರ್ಜ್ ಕಮಿಟ್ಟೇ. ಬೇರೆ ಯಾರಾದರೂ ಆಮೇಲೆ ಅದನ್ನು ಅಳಿಸಿದ್ದರೆ ಅಥವಾ ರಿವರ್ಟ್ ಮಾಡಿ ಹಿಂದಿನಂತಾಗಿಸಿದ್ದರೆ ಆ ಕಮಿಟ್ ಫೈಲಿನ ಲಾಗ್‌ನಲ್ಲಿ ತಪ್ಪದೆ ಕಾಣುತ್ತಿತ್ತು.

ಮರ್ಜ್ ಮಾಡುವಾಗ ಗಿಟ್ ಎರಡು ಬ್ರಾಂಚುಗಳನ್ನಷ್ಟೇ ಅಲ್ಲ, ಅವೆರಡೂ ಕವಲೊಡೆದ ಮೂಲ ಕಮಿಟ್ಟನ್ನೂ ಎದುರಿಗಿಟ್ಟುಕೊಂಡು ಹೋಲಿಸುತ್ತದೆ. ಮೂಲಕ್ಕಿಂತ ಒಂದೇ ಕಡೆ ಬದಲಾದ ಸಾಲನ್ನು ಅದು ತಾನಾಗಿಯೇ ಸ್ವೀಕರಿಸುತ್ತದೆ. ಒಂದೇ ಸಾಲು ಎರಡೂ ಕಡೆ ಬೇರೆ ಬೇರೆಯಾಗಿ ಬದಲಾಗಿದ್ದರೆ ಕಾನ್‌ಫ್ಲಿಕ್ಟ್ ಎಂದು ಹೇಳಿ ನಿರ್ಧಾರವನ್ನು ಮನುಷ್ಯರಿಗೆ ಬಿಡುತ್ತದೆ. ಅವಸರದಲ್ಲಿರುವವರು ಆಗ ಚೆಕ್‌ಔಟ್ ಆಜ್ಞೆಗೆ ‘ಅವರ್ಸ್’ (ours, ‘ನಮ್ಮದು’) ಎಂಬ ಆಯ್ಕೆ ಕೊಟ್ಟು ಮುಂದುವರಿಯುವುದುಂಟು. ಅದು ಕಾನ್‌ಫ್ಲಿಕ್ಟ್ ಆದ ಸಾಲುಗಳಿಗೆ ಮಾತ್ರ ಅನ್ವಯಿಸುತ್ತದೆ ಎಂದು ಹಲವರು ತಿಳಿದಿದ್ದಾರೆ. ವಾಸ್ತವದಲ್ಲಿ ಅದು ಇಡೀ ಫೈಲನ್ನು ಮರ್ಜ್ ಮಾಡುವವರು ನಿಂತಿರುವ ಬ್ರಾಂಚಿನ ಪ್ರತಿಯಿಂದ ತುಂಬುತ್ತದೆ, ಹಾಗಾಗಿ ಯಾವ ತಕರಾರೂ ಇಲ್ಲದೆ ಸೇರಿದ್ದ ನಿಮ್ಮ ಸಾಲುಗಳೂ ಅದೇ ಫೈಲಿನಲ್ಲಿದ್ದ ಕಾರಣಕ್ಕೆ ಹೋಗಿಬಿಡುತ್ತವೆ. ತಕರಾರಿನ ಭಾಗಗಳನ್ನಷ್ಟೇ ಒಂದು ಕಡೆಯಿಂದ ತೆಗೆದುಕೊಳ್ಳಬೇಕಾದರೆ ಮರ್ಜ್ ಆಜ್ಞೆಗೇ, ದೊಡ್ಡಕ್ಷರದ ‘ಎಕ್ಸ್’ ಆಯ್ಕೆಯ ಮೂಲಕ, ‘ಅವರ್ಸ್’ ಎಂದು ತಿಳಿಸಬೇಕು. ಒಂದೇ ಪದಕ್ಕೆ ಇಷ್ಟು ಅಂತರದ ಎರಡು ಪರಿಣಾಮಗಳನ್ನು ಕೊಟ್ಟಿರುವುದು ಒಳ್ಳೆಯ ವಿನ್ಯಾಸವೆಂದು ನನಗೆ ಅನಿಸುವುದಿಲ್ಲ.

ಇನ್ನು ಲಾಗ್‌ನ ಮೌನಕ್ಕೆ ಕಾರಣ ಹೀಗಿದೆ. ಒಂದೇ ಫೈಲಿನ ಲಾಗ್ ಕೇಳಿದಾಗ ಗಿಟ್ ಇತಿಹಾಸವನ್ನು ಸರಳಗೊಳಿಸುತ್ತದೆ: ಮರ್ಜ್ ಆದ ನಂತರದ ಫೈಲು ಯಾವುದಾದರೂ ಒಂದು ಕಡೆಯ ಪ್ರತಿಯನ್ನು ಅಕ್ಷರಶಃ ಹೋಲುತ್ತಿದ್ದರೆ, ಈಗಿನ ರೂಪವನ್ನು ವಿವರಿಸಲು ಆ ಕಡೆಯ ಕಮಿಟ್‌ಗಳೇ ಸಾಕೆಂದು ತೀರ್ಮಾನಿಸಿ ಇನ್ನೊಂದು ಕವಲಿನತ್ತ ಹೋಗುವುದೇ ಇಲ್ಲ. ನಿಮ್ಮ ಕಮಿಟ್ ಇರುವುದು ಆ ಇನ್ನೊಂದು ಕವಲಿನಲ್ಲಿ. ಇದರ ಮೇಲೆ, ಮರ್ಜ್ ಕಮಿಟ್‌ಗಳ ವ್ಯತ್ಯಾಸವನ್ನು ಲಾಗ್ ತಾನಾಗಿ ತೋರಿಸುವುದಿಲ್ಲ.

ಆದ್ದರಿಂದ ಲಾಗ್ ಆಜ್ಞೆಗೆ ‘ಫುಲ್-ಹಿಸ್ಟರಿ’ ಆಯ್ಕೆಯನ್ನೂ, ಜೊತೆಗೆ ‘ಎಂ’ (-m) ಮತ್ತು ‘ಪಿ’ (-p) ಆಯ್ಕೆಗಳನ್ನೂ ಕೊಟ್ಟು ಫೈಲಿನ ಹೆಸರನ್ನು ಸೇರಿಸಿ. ಆಗ ಎರಡೂ ಕವಲುಗಳು ಕಾಣುತ್ತವೆ, ಮರ್ಜ್ ಕಮಿಟ್ಟನ್ನು ಪ್ರತಿಯೊಂದು ಕಡೆಯೊಂದಿಗೂ ಬೇರೆ ಬೇರೆಯಾಗಿ ಹೋಲಿಸಿದ ವ್ಯತ್ಯಾಸವೂ ದೊರೆಯುತ್ತದೆ. ‘ಸಿ’ ಅಕ್ಷರ ಎರಡು ಬಾರಿ ಬರುವ ಆಯ್ಕೆ (--cc) ಇಲ್ಲಿ ಉಪಯೋಗಕ್ಕೆ ಬಾರದು, ಏಕೆಂದರೆ ಎರಡೂ ಕಡೆಗಿಂತ ಭಿನ್ನವಾದ ಫೈಲುಗಳನ್ನು ಮಾತ್ರ ಅದು ತೋರಿಸುತ್ತದೆ. 2022ರಲ್ಲಿ ಸೇರಿದ ‘ರೀಮರ್ಜ್-ಡಿಫ್’ ಇನ್ನೂ ಸ್ಪಷ್ಟ: ಗಿಟ್ ಆ ಮರ್ಜನ್ನು ತಾನೇ ಮತ್ತೊಮ್ಮೆ ಮಾಡಿ ನೋಡಿ, ದಾಖಲಾದ ಫಲಿತಾಂಶ ಅದಕ್ಕಿಂತ ಎಲ್ಲಿ ಬೇರೆಯಾಗಿದೆ ಎಂಬುದನ್ನು, ಅಂದರೆ ಮನುಷ್ಯರು ಕೈಯಾರೆ ಮಾಡಿದ್ದನ್ನು ಮಾತ್ರ, ಮುಂದಿಡುತ್ತದೆ.

ಮತ್ತೆ ಮರ್ಜ್ ಮಾಡಿದರೆ ಫಲವಿಲ್ಲ, ಏಕೆಂದರೆ ನಿಮ್ಮ ಕಮಿಟ್ ಈಗಾಗಲೇ ಮುಖ್ಯ ಬ್ರಾಂಚಿನ ಪೂರ್ವಜರಲ್ಲಿ ಒಂದು. ಗಿಟ್ ನೋಡುವುದು ಆ ಸಂಬಂಧವನ್ನು, ಸಾಲುಗಳು ಉಳಿದಿವೆಯೇ ಎಂಬುದನ್ನಲ್ಲ. ಮುಖ್ಯ ಬ್ರಾಂಚಿನಲ್ಲಿ ನಿಂತು ಆ ಒಂದು ಕಮಿಟ್ಟನ್ನು ಚೆರ್ರಿ-ಪಿಕ್ ಮಾಡಿ, ಅಂದರೆ ಅದರ ಬದಲಾವಣೆಯನ್ನಷ್ಟೇ ಆರಿಸಿ ಮತ್ತೆ ಅನ್ವಯಿಸಿ. ಅದು ಹೊಸ ಕಮಿಟ್ ಆಗಿ ಸೇರುತ್ತದೆ. ಅದೇ ಫೈಲಿನಲ್ಲಿ ನಿಮ್ಮ ಬೇರೆ ಕಮಿಟ್‌ಗಳೂ ಇದ್ದವೇ ಎಂದು ನೋಡಿಕೊಳ್ಳಿ, ಅವೂ ಜೊತೆಗೇ ಹೋಗಿರುತ್ತವೆ.

ಪ್ರಶ್ನೆ: ಫೈಲಿನ ಹೆಸರು ಬದಲಿಸಿದ ಮೇಲೆ ಅದರ ಹಳೆಯ ಇತಿಹಾಸ ಲಾಗ್‌ನಲ್ಲಿ ನಿಂತುಹೋಗುತ್ತದೆ. ಏಕೆ?

ಉತ್ತರ: ಗಿಟ್ ಹೆಸರು ಬದಲಾವಣೆಯನ್ನು ದಾಖಲಿಸುವುದೇ ಇಲ್ಲ. ಒಂದು ಹೆಸರು ಮಾಯವಾಗಿ ಇನ್ನೊಂದು ಹೊಸದಾಗಿ ಬಂದಾಗ ಎರಡರ ವಿಷಯವನ್ನು ಹೋಲಿಸಿ, ಸಾಮಾನ್ಯವಾಗಿ ಶೇ. 50ರಷ್ಟಾದರೂ ಸಾಮ್ಯವಿದ್ದರೆ ಅದು ಹೆಸರು ಬದಲಾವಣೆ ಎಂದು ಊಹಿಸುತ್ತದೆ. ಲಾಗ್‌ಗೆ ‘ಫಾಲೋ’ ಆಯ್ಕೆ ಕೊಟ್ಟರೆ ಹಳೆಯ ಹೆಸರಿನ ಹಿಂದೆಯೂ ಹೋಗುತ್ತದೆ, ಆದರೆ ಒಂದು ಬಾರಿಗೆ ಒಂದೇ ಫೈಲಿಗೆ. ಹೆಸರು ಬದಲಿಸುವುದನ್ನೂ ಒಳಗಿನ ಭಾರೀ ತಿದ್ದುಪಡಿಯನ್ನೂ ಒಂದೇ ಕಮಿಟ್‌ನಲ್ಲಿ ಮಾಡಿದರೆ ಆ ಊಹೆ ತಪ್ಪುತ್ತದೆ. ಮೊದಲು ಹೆಸರು ಬದಲಿಸಿ ಕಮಿಟ್ ಮಾಡಿ, ತಿದ್ದುಪಡಿಯನ್ನು ಮುಂದಿನ ಕಮಿಟ್‌ಗೆ ಇಟ್ಟುಕೊಳ್ಳಿ.